ದಪ್ಪ ಗಾಜೆಲ್ಲ ಗಟ್ಟಿ ಗಾಜಲ್ಲ

ವಿಜ್ಞಾನ ಪ್ರದರ್ಶನದ ದಿನ ಹತ್ತಿರ ಬರುತ್ತಿದ್ದಂತೆ ನಮ್ಮ ಕಾಲೇಜಿನಲ್ಲಿ ಖಾಲಿ ಬಾಟಲಿಗಳಿಗೆ ಎಲ್ಲಿಲ್ಲದ ಬೇಡಿಕೆ ಬರುತ್ತದೆ. ಜಾಮ್ ಬಾಟಲಿ, ಸಾಸ್ ಬಾಟಲಿ, ಸುಟ್ಟುಹೋದ ಬಲ್ಬು ಯಾವುದನ್ನೂ ನಾವು ಬಿಡುವುದಿಲ್ಲ. ಗುಲಾಬಿ ನೀರು ಇಳಿಸುವ ಯಂತ್ರ, ನೀಲಗಿರಿ ಎಲೆಯಿಂದ ಎಣ್ಣೆ ತೆಗೆಯುವ ಮಾದರಿ, ಶೀತಕ್ಕೆ ಹಬೆ ತೆಗೆದುಕೊಳ್ಳುವ ಉಪಕರಣ, ಉಪ್ಪು ನೀರನ್ನು ಸಿಹಿನೀರು ಮಾಡುವ ವ್ಯವಸ್ಥೆ, ಹೀಗೆ ಪ್ರತಿ ವರ್ಷ ನಾಲ್ಕೈದು ತಂಡಗಳಾದರೂ ಆವಿಯನ್ನು ನಂಬಿ ಮಾದರಿ ತಯಾರಿಸುತ್ತವೆ. (ಆವಿಯ ಯಂತ್ರ ಎಂದ ಕೂಡಲೇ 'ವೇಪ್' ಎಂದು ನಗುವ ಗೆಳೆಯರಿಗೆ ಒಂದು ಮಾತು: ಇ-ಸಿಗರೇಟಿನ ತಯಾರಿಕೆ, ಮಾರಾಟ, ಜಾಹೀರಾತು ಎಲ್ಲವನ್ನೂ 2019ರ ಕಾಯಿದೆ ನಮ್ಮ ದೇಶದಲ್ಲಿ ನಿಷೇಧಿಸಿದೆ. ನಾನು ಬರೆಯುತ್ತಿರುವುದು ಅದರ ಬಗ್ಗೆ ಅಲ್ಲ.)

ನನ್ನ ಅಭಿಪ್ರಾಯ ಇಷ್ಟೇ. ಯಾವ ಗಾಜು ಎಂದು ಖಚಿತವಾಗಿ ಗೊತ್ತಿಲ್ಲದ ಯಾವುದೇ ಪಾತ್ರೆಯನ್ನು ನಮ್ಮ ಪ್ರದರ್ಶನದಲ್ಲಿ ಬೆಂಕಿಯ ಮೇಲೆ ಇಡಲು ಬಿಡಬಾರದು. ಆ ಬಾಟಲಿ ಎಷ್ಟೇ ದಪ್ಪವಾಗಿದ್ದರೂ, ಮಾದರಿ ಎಷ್ಟೇ ಚೆನ್ನಾಗಿದ್ದರೂ ಸರಿ.

"ಇದು ದಪ್ಪ ಬಾಟಲಿ, ಏನೂ ಆಗಲ್ಲ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕೆಳಗೆ ಬಿದ್ದಾಗ ಒಡೆಯದಿರಲು ದಪ್ಪ ಸಹಾಯ ಮಾಡಬಹುದು. ಬಿಸಿಯ ವಿಷಯದಲ್ಲಿ ಅದೇ ದಪ್ಪ ಶತ್ರುವಾಗುತ್ತದೆ. ಗಾಜು ಶಾಖವನ್ನು ಬೇಗ ಸಾಗಿಸುವುದಿಲ್ಲ. ಕುದಿಯುವ ನೀರು ಸುರಿದಾಗ ಒಳಮೈ ಕೂಡಲೇ ಬಿಸಿಯಾಗಿ ಹಿಗ್ಗುತ್ತದೆ, ಹೊರಮೈ ಇನ್ನೂ ತಣ್ಣಗೆ ಹಾಗೆಯೇ ಇರುತ್ತದೆ. ಹಿಗ್ಗಿದ ಒಳಮೈ ಹೊರಮೈಯನ್ನು ಎಳೆಯುತ್ತದೆ. ಗಾಜು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಕಣ್ಣಿಗೆ ಕಾಣದ ಒಂದು ಗೀರು ಇದ್ದರೆ ಸಾಕು, ಬಿರುಕು ಅಲ್ಲಿಂದ ಶುರುವಾಗುತ್ತದೆ. ಗೋಡೆ ದಪ್ಪವಾದಷ್ಟೂ ಒಳಮೈ ಮತ್ತು ಹೊರಮೈಗಳ ಉಷ್ಣತೆಯ ಅಂತರ ಹೆಚ್ಚು. ಪ್ರಯೋಗಾಲಯದ ಬೀಕರ್‌ನ ಗೋಡೆ ತೆಳ್ಳಗಿರಲು ಇದೂ ಒಂದು ಕಾರಣ.

ಹಾಗಾದರೆ ನೋಡಬೇಕಾದದ್ದು ಗಾಜಿನ ದಪ್ಪವಲ್ಲ, ಅದರ ಜಾತಿ. ಬಾಟಲಿ, ಕಿಟಕಿ, ಕುಡಿಯುವ ಲೋಟ ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಸೋಡಾ-ಲೈಮ್ ಗಾಜು. ಮರಳಿನ ಜೊತೆ ಸೋಡಾ ಮತ್ತು ಸುಣ್ಣ ಸೇರಿಸಿ ಮಾಡಿದ್ದು. ಪ್ರಯೋಗಾಲಯದ ಬೀಕರ್ ಮತ್ತು ಫ್ಲಾಸ್ಕುಗಳದ್ದು ಬೋರೋಸಿಲಿಕೇಟ್ ಗಾಜು. ಅದರಲ್ಲಿ ಸುಮಾರು 81 ಶೇಕಡ ಸಿಲಿಕಾ, ಸುಮಾರು 13 ಶೇಕಡ ಬೋರಾನ್ ಆಕ್ಸೈಡ್. 19ನೇ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಯೇನಾ ಪಟ್ಟಣದಲ್ಲಿ ಆಟ್ಟೋ ಶಾಟ್ ಇದನ್ನು ರೂಪಿಸಿದರು. ಅಮೆರಿಕದ ಕಾರ್ನಿಂಗ್ ಕಂಪನಿ 1915ರಲ್ಲಿ 'ಪೈರೆಕ್ಸ್' ಹೆಸರಿನಲ್ಲಿ ಇದನ್ನು ಅಡುಗೆಮನೆಗೆ ತಂದಿತು.

ವ್ಯತ್ಯಾಸ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಸೋಡಾ-ಲೈಮ್ ಗಾಜು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 9 ಭಾಗ ಹಿಗ್ಗುತ್ತದೆ. ಬೋರೋಸಿಲಿಕೇಟ್ ಹಿಗ್ಗುವುದು 3.3 ಭಾಗ ಮಾತ್ರ. ಬೀಕರ್ ಮೇಲೆ ಕಾಣುವ '3.3' ಎಂಬ ಅಂಕಿ ಇದೇ. 10 ಸೆಂಟಿಮೀಟರ್ ಉದ್ದದ ಗಾಜನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಿದರೆ ಮೊದಲನೆಯದು 0.07 ಮಿಲಿಮೀಟರ್, ಎರಡನೆಯದು 0.03 ಮಿಲಿಮೀಟರಿಗೂ ಕಡಿಮೆ ಬೆಳೆಯುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸ. ಆದರೆ ಪಾತ್ರೆ ಉಳಿಯುತ್ತದೋ ಒಡೆಯುತ್ತದೋ ಎಂಬುದು ಆ ಕೂದಲೆಳೆಯಲ್ಲೇ ನಿಂತಿದೆ.

ಅಂಗಡಿಯಲ್ಲಿ 'ಹೀಟ್ ಪ್ರೂಫ್' ಎಂಬ ಚೀಟಿ ಅಂಟಿಸಿದ ಲೋಟಗಳೂ ಸಿಗುತ್ತವೆ. ಅವುಗಳಲ್ಲಿ ಕೆಲವು ಟಫನ್ಡ್ ಗಾಜು, ಅಂದರೆ ಹದ ಮಾಡಿ ಗಟ್ಟಿಗೊಳಿಸಿದ ಸೋಡಾ-ಲೈಮ್. ಬಿಸಿ ಚಹಾಕ್ಕೆ ಅವು ಚೆನ್ನ. ನೇರ ಬೆಂಕಿಗೆ ಅಲ್ಲ. ಅದಕ್ಕೆ ತೂತು ಕೊರೆಯಲು ಹೋದರೆ ಇಡೀ ಲೋಟ ಪುಡಿಪುಡಿಯಾಗುತ್ತದೆ. ಬಲ್ಬುಗಳ ವಿಷಯವೂ ಹಾಗೆಯೇ. ಮಾಮೂಲಿ ಬಲ್ಬಿನ ಗಾಜು ಬೆರಳೊತ್ತಿದರೆ ಒಡೆಯುವಷ್ಟು ತೆಳು. ಸಿಎಫ್‌ಎಲ್ ಮತ್ತು ಟ್ಯೂಬ್‌ಲೈಟುಗಳ ಒಳಗೆ ಪಾದರಸವಿದೆ, ಅವನ್ನು ಮುಟ್ಟಲೇಬಾರದು.

ನಮ್ಮ ಕೈಯಲ್ಲಿರುವ ಗಾಜು ಯಾವುದು ಎಂದು ತಿಳಿಯುವುದು ಹೇಗೆ? ಮೊದಲು ಗುರುತು ಹುಡುಕಿ. ನಂಬಬಹುದಾದ ತಯಾರಕರು ಬೋರೋಸಿಲಿಕೇಟ್ ಎಂದೋ 3.3 ಎಂದೋ ಪಾತ್ರೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಗುರುತಿಲ್ಲದ ಕಡ್ಡಿ ಅಥವಾ ಕೊಳವೆಯಾದರೆ ಅಡುಗೆ ಎಣ್ಣೆಯಲ್ಲೋ ಗ್ಲಿಸರಿನ್‌ನಲ್ಲೋ ಅದ್ದಿ ನೋಡಿ. ಬೋರೋಸಿಲಿಕೇಟ್ ಗಾಜಿನ ವಕ್ರೀಭವನ ಸೂಚ್ಯಂಕ 1.47, ಗ್ಲಿಸರಿನ್‌ನದೂ ಅಷ್ಟೇ. ಹಾಗಾಗಿ ಕಡ್ಡಿ ಕಣ್ಣೆದುರೇ ಮಾಯವಾದಂತೆ ಕಾಣುತ್ತದೆ. ಸೋಡಾ-ಲೈಮ್ ಗಾಜಿನದು ಸುಮಾರು 1.52, ಅದರ ಅಂಚು ಕಾಣುತ್ತಲೇ ಇರುತ್ತದೆ. ಇನ್ನೊಂದು ದಾರಿ ಆರ್ಕಿಮಿಡೀಸ್ ತತ್ವ. ಬೋರೋಸಿಲಿಕೇಟ್ ಸಾಂದ್ರತೆ 2.23, ಸೋಡಾ-ಲೈಮ್ ಸುಮಾರು 2.5. ಗಾಳಿಯಲ್ಲಿ 50 ಗ್ರಾಂ ತೂಗುವ ಗಾಜು ನೀರಿನಲ್ಲಿ ಮುಳುಗಿದಾಗ 27.6 ಗ್ರಾಂ ಆಸುಪಾಸು ತೂಗಿದರೆ ಅದು ಬೋರೋಸಿಲಿಕೇಟ್, 30 ಗ್ರಾಂ ತೂಗಿದರೆ ಸೋಡಾ-ಲೈಮ್. ನಾವು ಪುಸ್ತಕದಲ್ಲಿ ಓದುವ ಭೌತಶಾಸ್ತ್ರ ಇದಕ್ಕಲ್ಲದೆ ಮತ್ತೆ ಯಾವುದಕ್ಕೆ?

ಬೋರೋಸಿಲಿಕೇಟ್ ಸಿಕ್ಕಿತೆಂದು ನಿಶ್ಚಿಂತೆಯಾಗಿರುವಂತಿಲ್ಲ. ಗೀರು ಬಿದ್ದ ಪಾತ್ರೆ ಬೇಡ. ಬರಿದಾಗಿ ಕಾಯಿಸುವುದು ಬೇಡ. ಬಿಸಿ ಫ್ಲಾಸ್ಕನ್ನು ಒದ್ದೆ ಮೇಜಿನ ಮೇಲೆ ಇಡುವುದು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಆವಿಗೆ ಹೊರಹೋಗುವ ದಾರಿ ಸದಾ ತೆರೆದಿರಬೇಕು. ಒಂದು ಮಿಲಿಲೀಟರ್ ನೀರು ಆವಿಯಾದಾಗ ಸುಮಾರು 1,700 ಮಿಲಿಲೀಟರ್ ಜಾಗ ಕೇಳುತ್ತದೆ. ಬಿರಡೆ ಬಿಗಿದು ಮುಚ್ಚಿದರೆ ಯಾವ ಗಾಜೂ ಕಾಪಾಡುವುದಿಲ್ಲ.

ಇಲ್ಲಿ ನನ್ನ ಸಹಪಾಠಿಗಳು ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ. "ಫ್ಲಾಸ್ಕು ಕೊಳ್ಳಲು ಎಲ್ಲರ ಬಳಿ ದುಡ್ಡಿದೆಯೇ? ಕಸದಿಂದ ರಸ ಮಾಡಿದರೆ ತಾನೇ ತೀರ್ಪುಗಾರರು ಹೆಚ್ಚು ಅಂಕ ಕೊಡುವುದು?" ದುಡ್ಡಿನ ಪ್ರಶ್ನೆಗೆ ಉತ್ತರ ಮನೆಯ ಅಡುಗೆಕೋಣೆಯಲ್ಲೇ ಇದೆ: ಸ್ಟೀಲ್ ಪಾತ್ರೆ. ಈದ್ ದಿನ ನಾವು ಹಚ್ಚಿಕೊಳ್ಳುವ ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನ್ನೌಜ್ ಪಟ್ಟಣದಲ್ಲಿ ಇಂದಿಗೂ ಹೂಗಳನ್ನು ಕಾಯಿಸುವುದು ತಾಮ್ರದ 'ದೇಗ್'ನಲ್ಲಿ. ಆವಿ ಬಿದಿರಿನ ಕೊಳವೆಯಲ್ಲಿ ಸಾಗಿ, ನೀರಿನಲ್ಲಿ ಕುಳಿತ 'ಭಪ್ಕಾ' ಎಂಬ ಪಾತ್ರೆಯಲ್ಲಿ ತಣಿಯುತ್ತದೆ. ಅಲ್ಲಿ ಗಾಜು ಬೆಂಕಿಯ ಹತ್ತಿರವೇ ಸುಳಿಯುವುದಿಲ್ಲ. ನಾವೂ ಸ್ಟೀಲ್ ಪಾತ್ರೆಯಲ್ಲಿ ಗುಲಾಬಿ ದಳ ಮತ್ತು ನೀರು ಹಾಕಿ, ನಡುವೆ ಒಂದು ಬಟ್ಟಲಿಟ್ಟು, ಮುಚ್ಚಳವನ್ನು ತಲೆಕೆಳಗಾಗಿ ಇರಿಸಿ, ಅದರ ಮೇಲೆ ಮಂಜುಗಡ್ಡೆ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿದರೆ ಗುಲಾಬಿ ನೀರು ಬಟ್ಟಲಿಗೆ ತೊಟ್ಟಿಕ್ಕುತ್ತದೆ. ನೋಡುಗರಿಗೆ ಆವಿ ಹನಿಯಾಗುವುದನ್ನು ತೋರಿಸಲೇಬೇಕಿದ್ದರೆ, ಆ ಒಂದು ಭಾಗಕ್ಕೆ ಮಾತ್ರ ಪ್ರಯೋಗಾಲಯದ ಗಾಜು ಸಾಕು.

ಅಂಕದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವಲ್ಲ, ನಿಯಮ ಬರೆಯುವವರು. ಸಾಸ್ ಬಾಟಲಿಯನ್ನು ಸ್ಪಿರಿಟ್ ದೀಪದ ಮೇಲಿಟ್ಟ ಮಾದರಿಗೆ ಸೃಜನಶೀಲತೆ ಎಂದು ಅಂಕ ಕೊಟ್ಟರೆ, ಮುಂದಿನ ವರ್ಷ ಹತ್ತು ತಂಡಗಳು ಅದನ್ನೇ ಮಾಡುತ್ತವೆ. ಮರುಬಳಕೆ ಒಳ್ಳೆಯದು. ಆ ಬಾಟಲಿ ತಣ್ಣೀರು ಹಿಡಿಯಲಿ, ಬಳ್ಳಿ ಬೆಳೆಸಲಿ. ಬೆಂಕಿ ಅದರ ಕೆಲಸವಲ್ಲ.

ಆದ್ದರಿಂದ ಕಾಲೇಜಿಗೆ ನನ್ನ ಮೂರು ಮನವಿಗಳಿವೆ. ಒಂದು, ಬೆಂಕಿ ಬಳಸುವ ಮಾದರಿಯಲ್ಲಿ ಗುರುತಿರುವ ಬೋರೋಸಿಲಿಕೇಟ್ ಅಥವಾ ಲೋಹದ ಪಾತ್ರೆ ಮಾತ್ರ ಎಂಬುದನ್ನು ಪ್ರದರ್ಶನದ ನಿಯಮದಲ್ಲಿ ಸೇರಿಸಿ. ಎರಡು, ಕೆಲವು ಫ್ಲಾಸ್ಕು, ಕಂಡೆನ್ಸರ್, ಸುರಕ್ಷತಾ ಕನ್ನಡಕಗಳನ್ನು ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡುವ ಒಂದು ಕಪಾಟು ಮಾಡಿ. ಮೂರು, ಪ್ರದರ್ಶನಕ್ಕೆ ಒಂದು ವಾರ ಮೊದಲು ಪ್ರಯೋಗಾಲಯದಲ್ಲಿ ಗಾಜಿನ ಪರೀಕ್ಷೆಗೆ ಒಂದು ಮೇಜು ಇಡಿ. ಎಣ್ಣೆ, ತಕ್ಕಡಿ, ಒಬ್ಬ ಉಪನ್ಯಾಸಕರು, ಇಬ್ಬರು ವಿದ್ಯಾರ್ಥಿಗಳಿದ್ದರೆ ಸಾಕು.

ಆಸವನ ವಿದ್ಯೆ ನಮಗೆ ಹೊಸದಲ್ಲ. 9ನೇ ಶತಮಾನದ ಅಲ್-ಕಿಂದಿ ಹೆಸರಿನಲ್ಲಿ ಸುಗಂಧ ದ್ರವ್ಯ ಮತ್ತು ಆಸವನದ ಬಗ್ಗೆಯೇ ಒಂದು ಗ್ರಂಥವಿದೆ. ಅಲ್-ರಾಝಿ ತನ್ನ ಪ್ರಯೋಗಗಳಿಗೆ ಬೇಕಾದ ಪಾತ್ರೆ, ಒಲೆಗಳನ್ನು ಒಂದೊಂದಾಗಿ ವಿವರಿಸಿದ. ಇಂಗ್ಲಿಷಿನ 'ಅಲೆಂಬಿಕ್' ಪದ ಬಂದದ್ದು ಅರಬಿಯ 'ಅಲ್-ಅನ್ಬೀಕ್'ನಿಂದ. ಈ ಹೆಸರುಗಳನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅವರ ಹೆಸರಿಗಿಂತ ಅವರ ಅಭ್ಯಾಸ ನಮಗೆ ಹೆಚ್ಚು ಬೇಕಾಗಿದೆ: ಕೆಲಸಕ್ಕೆ ಮೊದಲು ಪಾತ್ರೆಯನ್ನು ತಿಳಿದುಕೊಳ್ಳುವುದು.

ಕಣ್ಣು, ಕೈ, ಮುಖ ನಮಗೆ ಸಿಕ್ಕಿದ ಅಮಾನತ್. ಪಕ್ಕದಲ್ಲಿ ನಿಂತು ನಮ್ಮ ಮಾದರಿಯನ್ನು ನೋಡುವ ಪುಟ್ಟ ತಮ್ಮ, ತಂಗಿಯರದ್ದೂ ಅಷ್ಟೇ. ಈ ಸಲ ಮಾದರಿಗೆ ಬಾಟಲಿ ಆರಿಸುವಾಗ ಅದನ್ನು ಬೆರಳಲ್ಲಿ ತಟ್ಟಿ ದಪ್ಪ ನೋಡಬೇಡಿ. ಅಡಿಭಾಗ ತಿರುಗಿಸಿ ಗುರುತು ಓದಿ. ಗುರುತು ಇಲ್ಲವೇ? ಒಲೆಯ ಮೇಲೆ ಸ್ಟೀಲ್ ಪಾತ್ರೆ ಇಡಿ.