ಗೌಡ್ತಿ ಮನಸ್ಸು ಬರೆಯೋಕೆ ನಾವು ಯಾರ ಅಪ್ಪಣೆ ಕೇಳ್ಬೇಕು?



ಮೊನ್ನೆ ನಮ್ಮ ಕೇರಿಯ ಹುಡುಗಿಯೊಬ್ಬಳು ಫೋನ್ ಮಾಡಿದ್ಳು. ಎಂ.ಎ. ಓದ್ತಿದ್ದಾಳೆ, ಕಥೆ ಬರೀತಾಳೆ. ಅವಳ ಹೊಸ ಕಥೆಯಲ್ಲಿ ಒಬ್ಬ ಗೌಡ್ತಿ, ಕೆಲಸಕ್ಕೆ ಬಂದ ಹೆಂಗಸಿಗೆ ಬೇರೆ ಲೋಟದಲ್ಲಿ ಕಾಫಿ ಕೊಡ್ತಾಳೆ. ಲೋಟ ಮುಟ್ಟದ ಹಾಗೆ ಮೇಲಿಂದ ಎತ್ತಿ ಸುರಿಯುವ ಆ ಒಂದು ಗಳಿಗೆಯಲ್ಲಿ ಗೌಡ್ತಿಯ ತಲೆಯೊಳಗೆ ಏನೇನು ಓಡುತ್ತೆ ಅನ್ನೋದೇ ಕಥೆ. ಪತ್ರಿಕೆಯೊಂದರಿಂದ ಅದು ವಾಪಸ್ ಬಂತಂತೆ. ಜೊತೆಗೊಂದು ಸಲಹೆ: ನಿಮ್ಮ ಅನುಭವ ಬರೆಯಿರಿ, ನಿಮ್ಮ ನೋವು ಬರೆಯಿರಿ, ಅದು ಹೆಚ್ಚು ಸಹಜವಾಗಿರುತ್ತೆ.

"ಅಣ್ಣ, ನಾನು ಗೌಡ್ತಿ ಮನಸ್ಸು ಬರೀಬಾರದಾ?" ಅಂತ ಕೇಳಿದ್ಳು. ಫೋನಲ್ಲಿ ಸರಿಯಾಗಿ ಉತ್ತರ ಕೊಡೋಕಾಗಲಿಲ್ಲ. ಇಲ್ಲಿ ಬರೀತಿದೀನಿ.

1933ರಲ್ಲೇ ಶಿವರಾಮ ಕಾರಂತರು ಚೋಮನ ಮನಸ್ಸಿನೊಳಗೆ ಹೋದರು. ಸ್ವಂತ ಬೇಸಾಯ ಮಾಡಬೇಕು ಅನ್ನೋ ಅವನ ಆಸೆಯನ್ನ ಓದುಗರ ಎದೆಗೆ ಮುಟ್ಟಿಸಿದರು. ದೊಡ್ಡ ಕೆಲಸ, ಇಲ್ಲ ಅನ್ನೋಲ್ಲ. ಆಗ ಯಾರಾದರೂ ಅವರಿಗೆ 'ನೀವು ನಿಮ್ಮ ಜಾತಿಯವರ ಅನುಭವ ಮಾತ್ರ ಬರೆಯಿರಿ' ಅಂದಿದ್ದರೆ 'ಚೋಮನ ದುಡಿ' ಇರ್ತಿರಲಿಲ್ಲ. ಆ ದಾರಿ ಅವರಿಗೆ ತೆರೆದಿತ್ತು. ಅದೇ ದಾರಿಯಲ್ಲಿ ಈ ಕಡೆಯಿಂದ ನಡೆದು ಹೋದರೆ ಮಾತ್ರ ಗೇಟು ಯಾಕೆ?

ಅನಂತಮೂರ್ತಿಯವರ 'ಭಾರತೀಪುರ' ನೋಡಿ, 1973ರದ್ದು. ಹೊಲೆಯರನ್ನ ದೇವಸ್ಥಾನದೊಳಗೆ ಕರ್ಕೊಂಡು ಹೋಗ್ಬೇಕು ಅಂತ ಜಗನ್ನಾಥ ಹೊರಡ್ತಾನೆ. ಅವನ ತಳಮಳ, ಅಹಂಕಾರ, ಅನುಮಾನ ಎಲ್ಲವೂ ಪುಟಗಟ್ಟಲೆ ನಮಗೆ ಸಿಗುತ್ತೆ. ಆದರೆ ಸಾಲಿಗ್ರಾಮ ಮುಟ್ಟಿ ಅಂತ ಅವನು ಮುಂದೆ ಹಿಡಿದಾಗ ಹೆದರಿ ನಿಂತ ನಮ್ಮವರ ಒಳಗೆ ಏನಾಗ್ತಿತ್ತು? ಜಗನ್ನಾಥನ ಕಣ್ಣಿಗೆ ಕಂಡಷ್ಟೇ ನಮಗೂ ಕಾಣೋದು. ಇದನ್ನ ಲೇಖಕರ ಪ್ರಾಮಾಣಿಕತೆ ಅಂತಾನೂ ಹೇಳಬಹುದು, ಗೊತ್ತಿಲ್ಲದ ಮನಸ್ಸಿನೊಳಗೆ ಸುಮ್ನೆ ನುಗ್ಗಲಿಲ್ಲ ಅಂತ. ಒಪ್ತೀನಿ. ಆದರೆ ಅವರಿಗೆ ಗೊತ್ತಿಲ್ಲದ ಮನಸ್ಸು ನಮಗೆ ಗೊತ್ತಿದೆ. ಅವರ ಮನಸ್ಸೂ ನಮಗೆ ಗೊತ್ತಿದೆ.

ಹೇಗೆ ಗೊತ್ತು ಅಂತೀರಾ? ನಮ್ಮವ್ವ ಮೂವತ್ತು ವರ್ಷ ಗೌಡರ ಮನೆ ಹಿತ್ತಲಲ್ಲಿ ನಿಂತವಳು. ಕೂಲಿ ಇವತ್ತು ಕೇಳಬಹುದಾ, ನಾಳೆ ಕೇಳಬೇಕಾ ಅನ್ನೋದನ್ನ ಗೌಡ್ತಿ ಬಾಗಿಲು ತೆಗೆಯೋ ಸದ್ದಿನಲ್ಲೇ ಹೇಳೋಳು. ಅವರ ಮನಸ್ಸು ಓದೋದು ತಪ್ಪಿದರೆ ಅವತ್ತು ನಮಗೆ ಅನ್ನ ಇಲ್ಲ. ನಮ್ಮವ್ವನ ಮನಸ್ಸಲ್ಲಿ ಏನಿದೆ ಅಂತ ಗೌಡ್ತಿಗೆ ಗೊತ್ತಿರದಿದ್ದರೂ ಅವರ ಮನೆ ಒಲೆ ಉರೀತಿತ್ತು. ಈಗ ಹೇಳಿ, ಇಬ್ಬರಲ್ಲಿ ಯಾರಿಗೆ ಯಾರ ಮನಸ್ಸು ಚೆನ್ನಾಗಿ ಗೊತ್ತು?

'ನಾನು' ಅಂತ ಬರೆದರೆ ಮಾತ್ರ ಸತ್ಯ ಅನ್ನೋರಿಗೆ ಇನ್ನೊಂದು ಮಾತು. ಒಮ್ಮೆ ದೌರ್ಜನ್ಯದ ಕೇಸೊಂದರಲ್ಲಿ ಚಿಕ್ಕವ್ವನೊಬ್ಬಳ ಜೊತೆ ಠಾಣೆಗೆ ಹೋಗಿದ್ದೆ. ಅರ್ಧ ಗಂಟೆ ಅತ್ಕೊಂಡು ಹೇಳಿದಳು. ಕಾಗದದ ಮೇಲೆ ಬಂದದ್ದು ಹೀಗೆ: 'ನಾನು ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದು, ಕೂಲಿ ಕೆಲಸ ಮಾಡಿಕೊಂಡಿರುತ್ತೇನೆ.' 'ನಾನು' ಇತ್ತು, ಕೆಳಗೆ ಹೆಬ್ಬೆಟ್ಟೂ ಇತ್ತು. ಚಿಕ್ಕವ್ವ ಮಾತ್ರ ಎಲ್ಲೂ ಇರಲಿಲ್ಲ.

ಹಾಗಂತ ನಮ್ಮ ಆತ್ಮಕಥೆಗಳನ್ನ ಕಡಿಮೆ ಮಾಡಿ ಹೇಳ್ತಿಲ್ಲ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿಯೇ ನನ್ನಂಥವರು ನೆಟ್ಟಗೆ ನಿಂತಿದ್ದು. ಬಾಬಾಸಾಹೇಬರೂ ತಮ್ಮ ಬಾಲ್ಯದ ಅವಮಾನವನ್ನ 'ನಾನು' ಅಂತಲೇ ಬರೆದರು. ತಕರಾರು ಇರೋದು ನಮಗೆ ಅದೊಂದೇ ಜಾಗ ಅಂತ ಗೆರೆ ಎಳೆಯೋದರ ಬಗ್ಗೆ. ಊರೊಳಗೆ ಕೇರಿ ಬೇರೆ ಮಾಡಿದ ಹಾಗೆ ಸಾಹಿತ್ಯದಲ್ಲೂ 'ನೋವಿನ ಕೇರಿ' ಅಂತ ಒಂದು ಮಾಡಿಟ್ಟಿದ್ದಾರೆ. ಎಲ್ಲರ ಮನಸ್ಸೂ ಗೊತ್ತಿರೋ ಸರ್ವಜ್ಞ ನಿರೂಪಕನ ಕುರ್ಚಿ ಮಾತ್ರ ಊರೊಳಗೇ ಇರುತ್ತೆ.

ಆ ಕುರ್ಚಿಯಲ್ಲಿ ದೇವನೂರ ಮಹಾದೇವ ಯಾವತ್ತೋ ಕೂತಾಗಿದೆ. 'ಒಡಲಾಳ'ದಲ್ಲಿ ಪೊಲೀಸರು ಬಂದಾಗ ನಾವು ಸಾಕವ್ವನ ಗುಡಿಸಲ ಒಳಗಿರ್ತೀವಿ, ಹೊರಗಿಂದ ಬರೋರು ಅವರು. 1988ರ 'ಕುಸುಮಬಾಲೆ'ಯಲ್ಲಿ ಪಾತ್ರಗಳ ಮಾತಷ್ಟೇ ಅಲ್ಲ, ಕಥೆ ಹೇಳೋ ಮಾತೇ ನಮ್ಮ ಕಡೆಯದು. ದೀಪದ ಜೋತಮ್ಮಗಳು ಕೂಡ ರಾತ್ರಿ ಒಟ್ಟಿಗೆ ಸೇರಿ ಊರಿನವರ ಗುಟ್ಟು ಮಾತಾಡ್ಕೋತವೆ. ಯಾವ ಮನೆಯೊಳಗೂ ಹೋಗೋಕೆ ಬೆಳಕು ಯಾರ ಅಪ್ಪಣೆಯನ್ನೂ ಕೇಳಲ್ಲ.

ಅದಕ್ಕೇ ತಂಗಿ, ಆ ಕಥೆ ತಿದ್ದಬೇಡ. ಒಂದೇ ಎಚ್ಚರ ಇರಲಿ. ಗೌಡ್ತಿಯನ್ನ ರಾಕ್ಷಸಿ ಮಾಡಬೇಡ. ಅವಳಿಗೂ ಗಂಡನ ಭಯ, ಅತ್ತೆಯ ಕಣ್ಣು, ತನ್ನದೇ ಒಂದು ದುಃಖ ಇರುತ್ತೆ, ಅದನ್ನೂ ಬರಿ. ಅಷ್ಟೆಲ್ಲ ಇದ್ದೂ ಲೋಟ ಯಾಕೆ ಬೇರೆ ಇಟ್ಟಳು ಅನ್ನೋ ಪ್ರಶ್ನೆ ಆಗ ಓದುವವರ ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಅವರು ನಮ್ಮನ್ನ ಬರೆಯುವಾಗ ಎಷ್ಟೋ ಸಲ ಕೊಡದ ನ್ಯಾಯವನ್ನ ನಾವು ಅವರಿಗೆ ಕೊಡೋಣ.

ಇನ್ನೊಂದು ಪತ್ರಿಕೆಗೆ ಕಳಿಸು. ಅಲ್ಲೂ ಬೇಡ ಅಂದ್ರೆ ಭಾನುವಾರ ನಮ್ಮ ಅಂಬೇಡ್ಕರ್ ಭವನದಲ್ಲಿ ಓದು. ನಿಮ್ಮವ್ವನನ್ನ ಮುಂದಿನ ಸಾಲಲ್ಲಿ ಕೂರಿಸು. ಗೌಡ್ತಿ ಮನಸ್ಸು ನೀನು ಸರಿಯಾಗಿ ಬರೆದಿದ್ದೀಯೋ ಇಲ್ಲವೋ ಅಂತ ತೀರ್ಪು ಹೇಳೋಕೆ ಅವಳಿಗಿಂತ ದೊಡ್ಡ ವಿಮರ್ಶಕಿ ಬೇಕಾ?

ಜೈಭೀಮ್.