ಕೇಬಲ್ ಕಡಿದಾಗ ಪಿತೂರಿ, ದಡ ಮಾರಿದಾಗ ಮೌನ

2025ರ ಸೆಪ್ಟೆಂಬರ್ 6ರಂದು ಕೆಂಪು ಸಮುದ್ರದಲ್ಲಿ, ಜಿದ್ದಾ ನಗರದ ಸಮೀಪ, ಸಮುದ್ರತಳದ ಕೇಬಲ್‌ಗಳು ತುಂಡಾದವು. ಭಾರತ, ಪಾಕಿಸ್ತಾನ ಮತ್ತು ಕೊಲ್ಲಿ ರಾಷ್ಟ್ರಗಳಲ್ಲಿ ಅಂತರ್ಜಾಲದ ವೇಗ ಕುಸಿಯಿತು. ಕೆಲವೇ ಗಂಟೆಗಳಲ್ಲಿ, ಕಡಿದವರು ಯಾರೆಂಬ ತೀರ್ಪು ಮೊಬೈಲಿನಿಂದ ಮೊಬೈಲಿಗೆ ಹರಿಯತೊಡಗಿತು. ಒಬ್ಬರ ಪ್ರಕಾರ ಹೂಥಿಗಳು, ಇನ್ನೊಬ್ಬರ ಪ್ರಕಾರ ಇಸ್ರೇಲ್, ಮತ್ತೊಬ್ಬರ ಪ್ರಕಾರ ಅಮೆರಿಕ. ಯಾವುದೋ ವಾಣಿಜ್ಯ ಹಡಗು ಎಳೆದ ಲಂಗರೇ ಕಾರಣವಾಗಿರುವ ಸಾಧ್ಯತೆ ಹೆಚ್ಚು ಎಂದು ಅಂತಾರಾಷ್ಟ್ರೀಯ ಕೇಬಲ್ ಸಂರಕ್ಷಣಾ ಸಮಿತಿ ಹೇಳಿತು. ಲಂಗರಿನ ವಿರುದ್ಧ ಭಾಷಣ ಮಾಡಲಾಗದು. ಹಾಗಾಗಿ ಆ ಮಾತನ್ನು ಹಂಚಿದವರು ಕಡಿಮೆ.

ಇದು ಹೊಸತೇನಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಫ್ಲ್ಯಾಗ್ ಯುರೋಪ್-ಏಷ್ಯಾ ಮತ್ತು ಸೀ-ಮೀ-ವೀ 4 ಎಂಬ ಎರಡು ಕೇಬಲ್‌ಗಳು ಕಡಿದುಹೋದವು. ಎರಡು ದಿನ ಬಿಟ್ಟು ದುಬೈ ಮತ್ತು ಒಮಾನ್ ನಡುವಿನ ಫಾಲ್ಕನ್ ಕೇಬಲ್ ತುಂಡಾಯಿತು. ದೇಶದ ಹೊರಸಂಪರ್ಕದ ಅರ್ಧದಷ್ಟು ಸಾಮರ್ಥ್ಯ ನಷ್ಟವಾಗಿದೆಯೆಂದು ಅಂತರ್ಜಾಲ ಸೇವಾದಾರರ ಸಂಘ ಅಂದಾಜಿಸಿತ್ತು. ಇರಾನಿನ ಮೇಲೆ ದಾಳಿಗೆ ಇದು ಪೂರ್ವಸಿದ್ಧತೆ, ಇರಾನ್ ಪೂರ್ತಿಯಾಗಿ ಸಂಪರ್ಕ ಕಳೆದುಕೊಂಡಿದೆ ಎಂಬ ಸುದ್ದಿ ಆಗಲೂ ಹಬ್ಬಿತು. ವಾಸ್ತವದಲ್ಲಿ ಇರಾನಿನ ಸಂಪರ್ಕ ಪೂರ್ತಿ ಕಡಿದಿರಲಿಲ್ಲ. ದೊಡ್ಡ ಪೆಟ್ಟು ತಿಂದದ್ದು ಈಜಿಪ್ಟ್ ಮತ್ತು ಭಾರತ. ಫಾಲ್ಕನ್ ಕಡಿದಿದ್ದ ಜಾಗದಲ್ಲಿ ಐದಾರು ಟನ್ ತೂಕದ, ಯಾರೋ ಬಿಟ್ಟುಹೋದ ಲಂಗರು ಸಿಕ್ಕಿತು.

ಆ ಹತ್ತು ದಿನಗಳಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು. ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಸಂಸ್ಥೆಗಳು ಸಿಂಗಾಪುರ ಮತ್ತು ಪೆಸಿಫಿಕ್ ಮಾರ್ಗದ ಕೇಬಲ್‌ಗಳಲ್ಲಿಯೂ ಮುಂಚಿತವಾಗಿ ಜಾಗ ಕೊಂಡಿದ್ದವು, ಕೆಲಸವನ್ನು ಆ ಕಡೆಗೆ ತಿರುಗಿಸಿಕೊಂಡವು. ಒಂದೇ ದಾರಿಯನ್ನು ನಂಬಿದ್ದ ಸಣ್ಣ ಹೊರಗುತ್ತಿಗೆ ಸಂಸ್ಥೆಗಳು, ಸೈಬರ್ ಸೆಂಟರ್‌ಗಳು, ದಿನದ ಕೆಲಸಕ್ಕೆ ದಿನದ ಕೂಲಿ ಪಡೆಯುವವರು ಸಿಕ್ಕಿಬಿದ್ದರು. ಯಾರಿಗೆ ಎರಡು ದಾರಿ, ಯಾರಿಗೆ ಒಂದೇ ದಾರಿ? ಇದನ್ನು ನಿರ್ಧರಿಸುವುದು ಅಲೆಕ್ಸಾಂಡ್ರಿಯಾದ ಲಂಗರಲ್ಲ, ನಮ್ಮ ದೇಶದ ಕರಾವಳಿಯಲ್ಲಿರುವ ಕೆಲವು ಕಟ್ಟಡಗಳ ಒಡೆಯರು.

ವಿಷಯ ಅರ್ಥವಾಗಬೇಕಿದ್ದರೆ ಈ ಕೇಬಲ್ ಏನೆಂಬುದು ತಿಳಿದಿರಬೇಕು. ನಮ್ಮ ಮಾತು ಉಪಗ್ರಹದ ಮೂಲಕ ಹೋಗುತ್ತದೆಯೆಂದು ವಿದ್ಯಾವಂತರೂ ನಂಬಿದ್ದಾರೆ. ಖಂಡದಿಂದ ಖಂಡಕ್ಕೆ ಸಾಗುವ ದತ್ತಾಂಶದ ಶೇ. 95ಕ್ಕೂ ಹೆಚ್ಚು ಭಾಗ ಸಾಗುವುದು ಕಡಲ ತಳದಲ್ಲಿ. ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಗಳೊಳಗೆ ಬೆಳಕಿನ ಮಿಡಿತವಾಗಿ ಮಾತು ಓಡುತ್ತದೆ. ಆಳ ಸಮುದ್ರದಲ್ಲಿ ಇಡೀ ಕೇಬಲ್ ತೋಟಕ್ಕೆ ನೀರು ಹಾಯಿಸುವ ಪೈಪಿಗಿಂತ ದಪ್ಪವಿರುವುದಿಲ್ಲ. ದಡ ಸಮೀಪಿಸಿದಂತೆ ಉಕ್ಕಿನ ತಂತಿಗಳ ಕವಚ ತೊಡಿಸಿ, ಸಾಧ್ಯವಿದ್ದಲ್ಲಿ ಮರಳಿನಡಿ ಹೂಳುತ್ತಾರೆ. ಬೆಳಕು ಸಾಗುತ್ತಾ ಕ್ಷೀಣಿಸುವುದರಿಂದ 60ರಿಂದ 100 ಕಿಲೋಮೀಟರಿಗೊಂದು ವರ್ಧಕ ಬೇಕು. ಅವುಗಳಿಗೆ ವಿದ್ಯುತ್ತು ಹೋಗುವುದು ದಡದಿಂದ, ಸಾವಿರಾರು ವೋಲ್ಟ್ ಒತ್ತಡದಲ್ಲಿ. ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಕಡೆ ಇಂತಹ ಕೇಬಲ್‌ಗಳು ಕೆಡುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಮೀನುಗಾರಿಕೆಯ ಬಲೆ ಮತ್ತು ಹಡಗಿನ ಲಂಗರು. ಕೆಟ್ಟಾಗ ವಿಶೇಷ ಹಡಗೊಂದು ಬಂದು, ಕೊಕ್ಕೆ ಇಳಿಸಿ, ತುಂಡಾದ ತುದಿಗಳನ್ನು ಮೇಲೆತ್ತಿ, ಗಾಜಿನ ಎಳೆಗಳನ್ನು ಒಂದೊಂದಾಗಿ ಬೆಸೆಯಬೇಕು. ಇಷ್ಟು ದೊಡ್ಡ ದೇಶ ಈ ಕೆಲಸಕ್ಕೆ ವಿದೇಶೀ ಹಡಗುಗಳನ್ನೇ ಕಾಯಬೇಕಾಗಿದೆಯೆಂದು 2023ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಬೊಟ್ಟು ಮಾಡಿತ್ತು.

ಹಾಗೆಂದು ಕಡಲಿನಲ್ಲಿ ರಾಜಕೀಯವೇ ಇಲ್ಲವೆಂದಲ್ಲ. 1870ರಲ್ಲಿ ಸೂಯೆಜ್‌ನಿಂದ ಏಡನ್ ಮೂಲಕ ಮುಂಬಯಿಗೆ ತಂತಿ ಕೇಬಲ್ ಎಳೆದ ಬ್ರಿಟಿಷರಿಗೆ ಅದು ಸಾಮ್ರಾಜ್ಯದ ನರವಾಗಿತ್ತು. 1914ರಲ್ಲಿ ಯುದ್ಧ ಘೋಷಣೆಯಾಗುತ್ತಲೇ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಜರ್ಮನಿಯ ಕೇಬಲ್‌ಗಳನ್ನು ಕಡಿದದ್ದೂ ಒಂದು. ಬ್ರಿಟಿಷ್ ಗೂಢಚಾರ ಸಂಸ್ಥೆ ಗಾಜಿನ ಕೇಬಲ್‌ಗಳಿಂದ ಮಾಹಿತಿಯನ್ನು ರಾಶಿರಾಶಿಯಾಗಿ ಸೋಸಿಕೊಳ್ಳುತ್ತಿತ್ತೆಂಬುದನ್ನು 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗೆಡವಿದ. ಪಿತೂರಿಯನ್ನೇ ಹುಡುಕುವವರು ಇಲ್ಲಿ ಸ್ವಲ್ಪ ಯೋಚಿಸಬೇಕು. ಕದ್ದು ಕೇಳುವವನಿಗೆ ತಂತಿ ಕಡಿಯುವುದರಿಂದ ಏನು ಲಾಭ? ಅವನಿಗೆ ಅದು ಕೆಡದೆ ಇರಬೇಕು, ದಡದ ಕಟ್ಟಡದೊಳಗೆ ಅವನಿಗೊಂದು ಕೋಣೆ ಬೇಕು. ನಮ್ಮ ಸರಕಾರವೂ ಅಂತಾರಾಷ್ಟ್ರೀಯ ದೂರವಾಣಿ ಪರವಾನಗಿ ನೀಡುವಾಗ ನಿಗಾ ವ್ಯವಸ್ಥೆಗೆ ಅವಕಾಶ ಕಡ್ಡಾಯ ಮಾಡಿದೆ. ಈ ಬಗ್ಗೆ ಪ್ರಶ್ನೆ ಕೇಳುವವರು ಎಷ್ಟು ಮಂದಿ?

ಈಗ ದಡದ ವಿಚಾರಕ್ಕೆ ಬರೋಣ. ಗುರಪ್ಪನಪಾಳ್ಯದ ಮನೆಯೊಂದರಿಂದ ತಾಯಿ ಜಿದ್ದಾದಲ್ಲಿರುವ ಮಗನಿಗೆ ವೀಡಿಯೋ ಕರೆ ಮಾಡುತ್ತಾಳೆ. ಬಿಟಿಎಂ ಲೇಔಟಿನ ಪೀಜಿಯಲ್ಲಿರುವ ಹುಡುಗ ರಾತ್ರಿ ಪಾಳಿಯಲ್ಲಿ ಅಮೆರಿಕದ ಗ್ರಾಹಕನಿಗೆ ಉತ್ತರಿಸುತ್ತಾನೆ. ಬನಶಂಕರಿಯ ಗೃಹಿಣಿ ಮನೆಯಲ್ಲೇ ಕುಳಿತು ವಿದೇಶೀ ಆಸ್ಪತ್ರೆಯ ಕಡತಗಳನ್ನು ಬೆರಳಚ್ಚಿಸುತ್ತಾಳೆ. ಇವರೆಲ್ಲರ ದತ್ತಾಂಶ ಮೊದಲು ರಸ್ತೆಯಡಿಯ ಕೇಬಲಿನಲ್ಲಿ ಸುಮಾರು 350 ಕಿಲೋಮೀಟರ್ ದೂರದ ಚೆನ್ನೈಗೋ, ಸಾವಿರ ಕಿಲೋಮೀಟರಿನಷ್ಟು ದೂರದ ಮುಂಬಯಿಗೋ ಹೋಗಬೇಕು. ಟ್ರಾಯ್ ಲೆಕ್ಕದಂತೆ 2022ರ ಕೊನೆಗೆ ದೇಶಕ್ಕೆ ಬಂದು ಸೇರುತ್ತಿದ್ದ ಅಂತಾರಾಷ್ಟ್ರೀಯ ಕೇಬಲ್‌ಗಳು 17, ಅವು ದಡಕ್ಕೇರುವ ಲ್ಯಾಂಡಿಂಗ್ ಸ್ಟೇಷನ್‌ಗಳು 14. ಅವೆಲ್ಲವೂ ಮುಂಬಯಿ, ಚೆನ್ನೈ, ಕೊಚ್ಚಿ, ತೂತುಕುಡಿ ಮತ್ತು ತಿರುವನಂತಪುರ ಎಂಬ ಐದೇ ಊರುಗಳಲ್ಲಿದ್ದವು. ಕರ್ನಾಟಕದ್ದು ಸೊನ್ನೆ. ಸುಮಾರು 320 ಕಿಲೋಮೀಟರ್ ಕರಾವಳಿಯಿರುವ, ದೇಶದ ಸಾಫ್ಟ್‌ವೇರ್ ರಾಜಧಾನಿ ಎಂದು ಬೀಗುವ ರಾಜ್ಯದ ಸ್ಥಿತಿಯಿದು.

ಲ್ಯಾಂಡಿಂಗ್ ಸ್ಟೇಷನ್ ಎಂದರೆ ಕಡಲಿನ ಕೇಬಲ್ ನೆಲದ ಜಾಲಕ್ಕೆ ಸೇರುವ ಬಾಗಿಲು. ಆ ಬಾಗಿಲು ಯಾರದೋ, ಸುಂಕವೂ ಅವರದು. ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ಸರಕಾರದ್ದಾಗಿದ್ದಷ್ಟು ಕಾಲ ಅದು ಸಾರ್ವಜನಿಕ ಸ್ವತ್ತಾಗಿತ್ತು. ನಿಗಮ ದುಬಾರಿಯಾಗಿತ್ತು, ನಿಧಾನವಾಗಿತ್ತು, ನಿಜ. ಆದರೆ ಅದರ ಮದ್ದು ಮಾರಾಟವಾಗಿತ್ತೇ? 2002ರ ಫೆಬ್ರವರಿಯಲ್ಲಿ ವಾಜಪೇಯಿ ಸರಕಾರ ಅದರ ಶೇ. 25 ಪಾಲನ್ನು, ಆಡಳಿತದ ಅಧಿಕಾರ ಸಹಿತ, 1,439 ಕೋಟಿ ರೂಪಾಯಿಗೆ ಟಾಟಾ ಸಮೂಹಕ್ಕೆ ಒಪ್ಪಿಸಿತು. ಕೆಲವೇ ತಿಂಗಳಲ್ಲಿ ವಿಎಸ್‌ಎನ್‌ಎಲ್‌ನ 1,200 ಕೋಟಿ ರೂಪಾಯಿಯನ್ನು ಅದೇ ಸಮೂಹದ ಟಾಟಾ ಟೆಲಿಸರ್ವಿಸಸ್‌ನಲ್ಲಿ ತೊಡಗಿಸುವ ತೀರ್ಮಾನ ಹೊರಬಿದ್ದಾಗ ಸರಕಾರದ ಒಳಗಿನಿಂದಲೇ ಆಕ್ಷೇಪ ಎದ್ದಿತು. ತನ್ನಲ್ಲಿ ಉಳಿದಿದ್ದ ಪಾಲನ್ನೂ ಸರಕಾರ 2021ರ ಮಾರ್ಚ್‌ನಲ್ಲಿ ಮಾರಿ ಕೈತೊಳೆದುಕೊಂಡಿತು.

ಮಾರಾಟದ ಬಳಿಕ ಏನಾಯಿತು? ಸ್ಪರ್ಧೆ ಬರುತ್ತದೆಯೆಂದು ಹೇಳಲಾಗಿತ್ತು. ಫ್ಲ್ಯಾಗ್ ಕೇಬಲನ್ನು ಕೊಂಡಿದ್ದ ರಿಲಯನ್ಸ್, ಮುಂಬಯಿಯ ಲ್ಯಾಂಡಿಂಗ್ ಸ್ಟೇಷನ್‌ನಲ್ಲಿ ಅದರ ಸಾಮರ್ಥ್ಯ ಹೆಚ್ಚಿಸಲು ವಿಎಸ್‌ಎನ್‌ಎಲ್ ಎಡೆಗೊಡುತ್ತಿಲ್ಲವೆಂದು ಅಂತಾರಾಷ್ಟ್ರೀಯ ಪಂಚಾಯ್ತಿಗೆ ಹೋಗಬೇಕಾಯಿತು. 2006ರಲ್ಲಿ ಗೆದ್ದಿತು. ಇಬ್ಬರು ದೈತ್ಯರ ಈ ಜಗಳದಲ್ಲಿ ನಮಗೆ ಯಾರ ಮೇಲೂ ಮರುಕವಿಲ್ಲ. ಆದರೆ ರಿಲಯನ್ಸ್‌ಗೇ ಬಾಗಿಲು ತೆರೆಯದವರು ಸಣ್ಣ ಸೇವಾದಾರನಿಗೆ ತೆರೆಯುತ್ತಿದ್ದರೇ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಎಲ್ಲರಿಗೂ ಪ್ರವೇಶ ಕೊಡಬೇಕೆಂಬ ನಿಯಮವನ್ನು ಟ್ರಾಯ್ ತಂದದ್ದು 2007ರಲ್ಲಿ. ಪ್ರವೇಶ ಶುಲ್ಕಕ್ಕೆ ಮಿತಿ ಹಾಕಿದ್ದು 2012ರ ಕೊನೆಗೆ. ಕಂಪೆನಿಗಳು ನ್ಯಾಯಾಲಯಕ್ಕೆ ಹೋದವು, ವ್ಯಾಜ್ಯ 2018ರಲ್ಲಿ ಸುಪ್ರೀಂ ಕೋರ್ಟ್ ತನಕ ಬೆಳೆಯಿತು. ಇಷ್ಟೂ ವರ್ಷ ಆ ಸುಂಕವನ್ನು ಕೊನೆಗೆ ತೆತ್ತವರು ತಿಂಗಳ ಬಿಲ್ಲು ಕಟ್ಟುವವರು.

ಖಾಸಗಿಯವರಲ್ಲದೆ ಇನ್ನಾರಿಂದ ಇದು ಸಾಧ್ಯ ಎಂದು ಕೇಳುವವರಿದ್ದಾರೆ. ಚೆನ್ನೈನಿಂದ ಅಂಡಮಾನಿಗೆ 2,300 ಕಿಲೋಮೀಟರ್ ಕೇಬಲ್ 2020ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು, ಕೊಚ್ಚಿಯಿಂದ ಲಕ್ಷದ್ವೀಪಕ್ಕೆ 2024ರ ಜನವರಿಯಲ್ಲಿ. ಎರಡೂ ಸರಕಾರಿ ಹಣದಲ್ಲಿ, ಬಿಎಸ್‌ಎನ್‌ಎಲ್ ಉಸ್ತುವಾರಿಯಲ್ಲಿ ಆದವು. ಲಕ್ಷದ್ವೀಪದ ಮಾತು ಬಂದಾಗ ಇನ್ನೊಂದು ಸಂಗತಿ ನೆನಪಾಗುತ್ತದೆ. ಅಮಿನಿ, ಕಡ್ಮತ್, ಕಿಲ್ತಾನ್ ಮೊದಲಾದ ಅಮಿನ್‌ದಿವಿ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನ ತೆಂಗಿನ ನಾರು ಮಂಗಳೂರಿನ ಹಳೇ ಬಂದರಿಗೆ ಬರುತ್ತಿತ್ತು, ಅಕ್ಕಿ ಇಲ್ಲಿಂದ ಹೋಗುತ್ತಿತ್ತು. ಅಷ್ಟು ಹಳೆಯ ಕಡಲ ಸಂಬಂಧವಿದ್ದ ಊರಿಗೆ ಈ ಕೇಬಲಿನ ಒಂದು ಕವಲನ್ನಾದರೂ ಕೇಳಬಹುದಿತ್ತಲ್ಲವೇ?

2025ರ ಅಕ್ಟೋಬರ್‌ನಲ್ಲಿ ಗೂಗಲ್ ಸಂಸ್ಥೆ ವಿಶಾಖಪಟ್ಟಣದಲ್ಲಿ 1,500 ಕೋಟಿ ಡಾಲರ್ ಹೂಡಿಕೆಯನ್ನು, ಜೊತೆಗೆ ಅಲ್ಲಿಗೆ ಸಮುದ್ರದ ಕೇಬಲ್‌ಗಳನ್ನು ತರುವುದಾಗಿ ಘೋಷಿಸಿತು. ಕರ್ನಾಟಕ ಮತ್ತು ಆಂಧ್ರದ ಸಚಿವರು ಮಾತಿನ ಚಕಮಕಿಗಿಳಿದರು. ರಿಯಾಯಿತಿ ಎಷ್ಟು ಕೊಟ್ಟಿರಿ, ನೀರು ಎಷ್ಟು ಕೊಟ್ಟಿರಿ ಎಂಬ ವಾದ ನಡೆಯಿತು. ಅದು ಅಗತ್ಯವಾದ ವಾದವೇ. ಆದರೆ ನಮ್ಮ ಕರಾವಳಿ ಇಷ್ಟು ವರ್ಷ ಬರಿದಾಗಿ ಬಿದ್ದಿರುವುದೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಬೆಂಗಳೂರಿನಿಂದ ಮಂಗಳೂರಿಗಿರುವ ದೂರ ಚೆನ್ನೈಗಿರುವಷ್ಟೇ. ಕೊಲ್ಲಿಗೆ ಹೋಗುವ ದಾರಿಯಂತೂ ಪಶ್ಚಿಮಕ್ಕೇ ಇದೆ. ಮಳೆಗಾಲದಲ್ಲಿ ಕುಸಿಯುವ ಶಿರಾಡಿ ಘಾಟಿಯಲ್ಲಿ ನೆಲದ ಕೇಬಲ್ ಕಾಪಾಡುವುದು ಸುಲಭವಲ್ಲವೆಂಬುದು ನಿಜ. ಅದಕ್ಕೆ ಚಾರ್ಮಾಡಿ, ಆಗುಂಬೆಗಳ ಮೂಲಕ ಇನ್ನೊಂದೆರಡು ದಾರಿ ಮಾಡಬೇಕೇ ಹೊರತು ಕೈಕಟ್ಟಿ ಕೂರುವುದಲ್ಲ. ಸದ್ಯಕ್ಕೆ ಲಾಭವಿಲ್ಲವೆಂದು ಕಂಪೆನಿಗಳು ಹೇಳುತ್ತವೆ. ಮುಂಬಯಿಯ ವರ್ಸೋವಾದ ಕಿರಿದಾದ ತೀರದಲ್ಲಿ ಹಲವು ಕೇಬಲ್‌ಗಳು ಒತ್ತೊತ್ತಾಗಿ ದಡಕ್ಕೇರುತ್ತಿವೆ. ಅಲ್ಲೊಂದು ಅನಾಹುತವಾದರೆ ನಷ್ಟದ ಲೆಕ್ಕ ಹಾಕುವವರಾರು?

ಮಂಗಳೂರಿಗೆ ಲ್ಯಾಂಡಿಂಗ್ ಸ್ಟೇಷನ್ ಬೇಕೆಂಬ ಬೇಡಿಕೆ ಇತ್ತೀಚಿನ ವರ್ಷಗಳಲ್ಲಿ ಕೇಳಿಬರುತ್ತಿದೆ. ಅದು ಬರಲಿ. ಆದರೆ ಮುಂಬಯಿಯ ಕಥೆ ಇಲ್ಲಿ ಮರುಕಳಿಸುವುದಾದರೆ ಅದರಿಂದ ತಿಲಕನಗರದ ಅಂಗಡಿಯವನಿಗೂ ಜೆ.ಪಿ. ನಗರದ ಸಣ್ಣ ಉದ್ಯಮಿಗೂ ಏನೂ ದಕ್ಕುವುದಿಲ್ಲ. ಜಾಗ ರಾಜ್ಯದ್ದಾಗಿ, ಕಟ್ಟಡ ಸಾರ್ವಜನಿಕ ಸಂಸ್ಥೆಯದಾಗಿ, ಯಾವ ಸೇವಾದಾರನೂ ಪ್ರಕಟಿತ ದರ ಕೊಟ್ಟು ಒಳಬರುವಂತಿರಬೇಕು. ಇನ್ನೊಂದು ಮಾತು ಬೇಡಿಕೆ ಪತ್ರಗಳಲ್ಲಿ ಕಾಣುವುದೇ ಅಪರೂಪ. ಕೇಬಲ್ ಬಂದಲ್ಲಿ ಲಂಗರು, ಬಲೆಗಳಿಗೆ ನಿಷೇಧ ಬರುತ್ತದೆ. ಜೂನ್ ಮತ್ತು ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಈಗಾಗಲೇ ರಜೆ. ಉಳಿದ ಹತ್ತು ತಿಂಗಳ ಕಡಲಿನಲ್ಲೂ ಪಟ್ಟಿ ಎಳೆಯುವುದಾದರೆ ಮಲ್ಪೆ, ಉಳ್ಳಾಲ, ಭಟ್ಕಳದ ಮೊಗವೀರರು ಮತ್ತು ಮುಸ್ಲಿಮ್ ಮೀನುಗಾರರು ನಕಾಶೆ ಸಿದ್ಧವಾಗುವ ಮೊದಲೇ ಆ ಮೇಜಿನ ಮುಂದೆ ಕುಳಿತಿರಬೇಕು. ಪರಿಹಾರದ ಮೊತ್ತವೂ ಅದೇ ಕಾಗದದಲ್ಲಿ ನಮೂದಾಗಿರಬೇಕು.