ಕಡಲು ದಾಟೋ ಸೇವೆಗೆ ಕೇರಿ ಯಾಕೆ ದೂರ?

ಏಪ್ರಿಲ್ ಬಂದ್ರೆ ನಮ್ಮಂಥವರಿಗೆ ಡಿಮ್ಯಾಂಡ್ ಜಾಸ್ತಿ. ವರ್ಷವಿಡೀ ಫೋನ್ ಎತ್ತದವರೂ "ಅಂಬೇಡ್ಕರ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ ಸರ್" ಅಂತಾರೆ. ಹೋದ ವರ್ಷ ಹಾಗೆ ಕರೆದದ್ದು ನಮ್ಮ ತಾಲ್ಲೂಕಿನ ಒಂದು ಸೇವಾ ಕ್ಲಬ್. ಅವರ ವಾರದ ಸಭೆಗೆ ನಾನು ಅತಿಥಿ. ಕ್ಲಬ್ಬಿನ ಹೆಸರು ಬರೆಯಲ್ಲ. ಯಾರೋ ನಾಲ್ಕು ಜನರನ್ನ ಹಳಿಯೋದಕ್ಕೆ ಈ ಪೋಸ್ಟ್ ಅಲ್ಲ. ಇಂಥ ಕ್ಲಬ್ ನಿಮ್ಮೂರಲ್ಲೂ ಇರುತ್ತೆ, ಅದಕ್ಕೇ ಬರೀತಿದೀನಿ.

ಕಲ್ಯಾಣ ಮಂಟಪದ ಮೇಲಿನ ಮಹಡಿ, ಸಂಜೆ ಏಳೂವರೆ. ಅಧ್ಯಕ್ಷರು ಕೊರಳಿಗೆ ಬಿಲ್ಲೆಗಳ ಸರ ಹಾಕ್ಕೊಂಡು ಗಂಟೆ ಬಾರಿಸಿದ್ರು. ಪ್ರಾರ್ಥನೆ ಆಯ್ತು, ಕಾರ್ಯದರ್ಶಿ ವರದಿ ಆಯ್ತು, ಆ ವಾರ ಹುಟ್ಟುಹಬ್ಬ ಇದ್ದವರಿಗೆ ಹೂವು ಕೊಟ್ಟಿದ್ದಾಯ್ತು. ಡಾಕ್ಟರ್, ವಕೀಲರು, ರೈಸ್ ಮಿಲ್ ಮಾಲೀಕರು, ಬಂಗಾರದ ಅಂಗಡಿಯವರು, ಬಿಲ್ಡರ್, ಎಲ್ಲಾ ಇದ್ರು. ನನ್ನನ್ನ "ಸಮಾಜ ಸೇವಕರು" ಅಂತ ಪರಿಚಯ ಮಾಡಿಕೊಟ್ರು. ಸೇವಕ ಅಲ್ಲ ಸ್ವಾಮಿ, ಹೋರಾಟಗಾರ ಅಂತ ತಿದ್ದಬೇಕು ಅನ್ನಿಸ್ತು. ಸುಮ್ಮನಾದೆ.

ನನ್ನ ಮಾತಿಗೆ ಮುಂಚೆ ಪರದೆ ಮೇಲೆ ಫೋಟೋ ತೋರಿಸಿದ್ರು. ಪೂರ್ವ ಆಫ್ರಿಕಾದ ಒಂದು ಹಳ್ಳಿ ಶಾಲೆ. ಅಲ್ಲಿಯ ಕ್ಲಬ್ ಜೊತೆ ಸೇರಿ ಇವರು ಶೌಚಾಲಯ ಕಟ್ಟಿಸಿದಾರೆ. ಹೊಸ ಬಣ್ಣದ ಗೋಡೆ, ಗೋಡೆ ಮೇಲೆ ಇವರ ಕ್ಲಬ್ಬಿನ ಹೆಸರು, ಮುಂದೆ ಸಾಲಾಗಿ ನಿಂತ ಮಕ್ಕಳು. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ನಗದೆ ಕ್ಯಾಮೆರಾನೇ ನೋಡ್ತಾ ನಿಂತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದೆ. ಯಾವ ದೇಶದ ಮಗುವಾದರೂ ಬಯಲಿಗೆ ಹೋಗೋದು ತಪ್ಪಿದ್ರೆ ಒಳ್ಳೇದೇ.

ಆದರೆ ಆ ಹುಡುಗನ ಮುಖ ನನ್ನನ್ನ ಬಿಡಲಿಲ್ಲ. ಯಾಕಂದ್ರೆ ಆ ಹುಡುಗ ನಾನೇ. ನಾಲ್ಕನೇ ಕ್ಲಾಸಲ್ಲಿದ್ದಾಗ ನಮ್ಮ ಕೇರಿಗೂ ಹೀಗೇ ಫಾರಿನ್ನವರು ಬಂದಿದ್ರು. ಪಟ್ಟಣದ ದೊಡ್ಡ ಮನುಷ್ಯರು ಕರ್ಕೊಂಡು ಬಂದಿದ್ರು. ನಮಗೆಲ್ಲ ಸ್ಕೂಲ್ ಬ್ಯಾಗ್ ಕೊಟ್ರು, ಸಾಲಾಗಿ ನಿಲ್ಲಿಸಿದ್ರು, ಫೋಟೋ ತೆಗೆದ್ರು. ಬ್ಯಾಗು ಮೂರು ವರ್ಷ ಬಂತು, ಸುಳ್ಳು ಹೇಳಲ್ಲ. ಆ ಫೋಟೋ ಮಾತ್ರ ನಾನು ಇವತ್ತಿನವರೆಗೂ ನೋಡಿಲ್ಲ. ಯಾವುದೋ ದೇಶದ ಯಾವುದೋ ಹಾಲಿನಲ್ಲಿ ಅದನ್ನ ಪರದೆ ಮೇಲೆ ಹಾಕಿ ಚಪ್ಪಾಳೆ ತಟ್ಟಿರ್ತಾರೆ. ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲ್ಲ. ನಮ್ಮ ಕೇರಿಗೆ ನಲ್ಲಿ ನೀರು ಯಾಕಿಲ್ಲ ಅನ್ನೋದಂತೂ ಯಾರೂ ಕೇಳಿರಲ್ಲ.

ಅದಕ್ಕೇ ನನ್ನ ಭಾಷಣ ಬದಿಗಿಟ್ಟು ಒಂದು ಪ್ರಶ್ನೆ ಕೇಳಿದೆ: "ಶೌಚಾಲಯ ಚೆನ್ನಾಗಿದೆ. ಅದರ ಗುಂಡಿ ತುಂಬಿದ ಮೇಲೆ ಖಾಲಿ ಮಾಡೋರು ಯಾರು?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಬ್ಬ ಹಿರಿಯ ಡಾಕ್ಟರು, "ಅಲ್ಲಿ ನಮ್ಮ ಥರ ಜಾತಿ ಇಲ್ಲವಲ್ಲ, ಯಾರಾದ್ರೂ ಮಾಡ್ತಾರೆ" ಅಂದ್ರು.

"ಸರಿ ಸರ್. ಇಲ್ಲಿ? ಈ ಕಲ್ಯಾಣ ಮಂಟಪದ್ದು ಯಾರು ಮಾಡ್ತಾರೆ?"

ಹಿಂದಿನ ಸಾಲಿಂದ ಒಬ್ಬರು, "ಇಲ್ಲಿ ರಾಜಕೀಯ ಬೇಡ ಅಂತ ನಮ್ಮ ನಿಯಮ ಇದೆ" ಅಂದ್ರು. ಗುಂಡಿ ಯಾರು ಬಳೀತಾರೆ ಅಂತ ಕೇಳೋದು ರಾಜಕೀಯ. ಗುಂಡಿ ಕಟ್ಟಿಸೋದು ಸೇವೆ. ಇಷ್ಟೇ ನೋಡಿ ವ್ಯತ್ಯಾಸ.

ಸಂಗಾತಿಗಳೇ, ಈ ಪ್ರಶ್ನೆ ಕೇಳೋಕೆ ನನಗೆ ಧೈರ್ಯ ಬಂದದ್ದೇ ಇಂಥ ಕ್ಲಬ್ಬುಗಳ ಚರಿತ್ರೆ ಓದಿ. ಎಲ್ಲಕ್ಕಿಂತ ಹಳೇದು ರೋಟರಿ. 1905ರಲ್ಲಿ ಚಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನೋ ವಕೀಲರು ಶುರು ಮಾಡಿದ್ದು. ಆ ಕ್ಲಬ್ 1907ರಲ್ಲಿ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ಏನು ಗೊತ್ತಾ? ನಗರಸಭೆ ಕಟ್ಟಡದ ಹತ್ತಿರ ಜನರಿಗೆ ಒಂದು ಶೌಚಾಲಯ. ದೂರದ ದೇಶದಲ್ಲಿ ಅಲ್ಲ, ಅವರದೇ ಊರಿನ ಬೀದಿಯಲ್ಲಿ.

ಆಗ ಒಂದು ನಿಯಮ ಇತ್ತು: ಒಂದು ಕ್ಲಬ್ಬಿಗೆ ಒಂದೊಂದು ವೃತ್ತಿಯಿಂದ ಒಬ್ಬರೇ ಸದಸ್ಯ. ಈಗ ಆ ನಿಯಮ ಸಡಿಲವಾಗಿದೆ. ಆದರೂ ಊರಿನ ಎಲ್ಲಾ ವೃತ್ತಿಗಳೂ ಒಂದೇ ಮೇಜಿಗೆ ಬರಬೇಕು ಅನ್ನೋ ಆಸೆ ಕೆಟ್ಟದ್ದಲ್ಲ. ಆದರೆ ನಮ್ಮ ದೇಶದಲ್ಲಿ ವೃತ್ತಿಪಟ್ಟಿ ಬರೆಯೋ ಕೆಲಸ ಕ್ಲಬ್ ಬರೋಕೆ ಸಾವಿರಾರು ವರ್ಷ ಮುಂಚೆನೇ ಮುಗಿದಿತ್ತು. ಜಾತಿ ಅಂದ್ರೆ ಬರೀ ಕೆಲಸ ಹಂಚೋದಲ್ಲ, ಕೆಲಸ ಮಾಡೋರನ್ನೇ ಮೇಲು ಕೀಳು ಅಂತ ಒಡೆಯೋದು ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ರು. ಆ ಹಾಲಿನಲ್ಲಿ ಹತ್ತಾರು ವೃತ್ತಿಗಳಿದ್ವು. ಪೌರಕಾರ್ಮಿಕ ಇರಲಿಲ್ಲ, ಚಪ್ಪಲಿ ಹೊಲಿಯೋರು ಇರಲಿಲ್ಲ, ತಮಟೆ ಬಾರಿಸೋರು ಇರಲಿಲ್ಲ. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆಗೆ ಕರೀತಾರೆ ಬಿಡಿ. ಶಾಲು, ಪೇಟ, ಹಣ್ಣಿನ ಬುಟ್ಟಿ. ಮರುದಿನ ಬೆಳಗ್ಗೆ ಅದೇ ಕೈಗೆ ಗ್ಲೌಸ್ ಇರಲ್ಲ.

ಹೆಣ್ಣುಮಕ್ಕಳ ಕಥೆಯೂ ಕೇಳಿ. ಕ್ಯಾಲಿಫೋರ್ನಿಯಾದ ಡುವಾರ್ಟೆ ಅನ್ನೋ ಊರಿನ ಕ್ಲಬ್ 1977ರಲ್ಲಿ ಮೂವರು ಹೆಂಗಸರನ್ನ ಸೇರಿಸಿಕೊಂಡ್ರೆ, ಆ ಕ್ಲಬ್ಬನ್ನೇ ರೋಟರಿಯಿಂದ ಹೊರಗೆ ಹಾಕಿದ್ರು. ಅವರು ಕೋರ್ಟಿಗೆ ಹೋದ್ರು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ನಿಂತ ಮೇಲೆ, 1989ರಲ್ಲಿ ಪ್ರಪಂಚದ ಎಲ್ಲಾ ಕ್ಲಬ್ಬುಗಳ ಬಾಗಿಲು ಹೆಂಗಸರಿಗೆ ತೆರೀತು. ಆ ಬಾಗಿಲು ಯಾರ ದಾನದಿಂದಲೂ ತೆರೆದದ್ದಲ್ಲ, ಜಗಳ ಆಡಿ ತೆರೆಸಿದ್ದು.

ಇವರು ಮಾಡಿದ ದೊಡ್ಡ ಕೆಲಸವನ್ನೂ ಹೇಳಲೇಬೇಕು. ಪೋಲಿಯೊ. 1985ರಿಂದ ರೋಟರಿ ಅದರ ಹಿಂದೆ ಬಿತ್ತು. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಮನೆ ಮನೆ ತಿರುಗಿದ ಕಾರ್ಯಕರ್ತೆಯರು, ಎಲ್ಲಾ ಸೇರಿ ಮಾಡಿದ್ರು. ನಮ್ಮ ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಸಿಕ್ತು. ನಮ್ಮ ಕೇರಿ ಮಕ್ಕಳ ಬಾಯಿಗೂ ಆ ಹನಿ ಬಿದ್ದಿದೆ. ಅದರ ಋಣ ಇದೆ.

ಈಗ ಆ ತಾರೀಖನ್ನ ನೆನಪಿಟ್ಕೊಳ್ಳಿ. ಅದೇ 2014ರ ಮಾರ್ಚ್ 27ರಂದೇ ಸುಪ್ರೀಂ ಕೋರ್ಟ್ ಸಫಾಯಿ ಕರ್ಮಚಾರಿ ಆಂದೋಲನದ ಕೇಸಿನಲ್ಲಿ ತೀರ್ಪು ಕೊಟ್ಟಿದ್ದು. ನಮ್ಮ ಕೆಜಿಎಫ್‌ನ ಬೆಜವಾಡ ವಿಲ್ಸನ್ ಮತ್ತು ಸಂಗಾತಿಗಳು 2003ರಲ್ಲಿ ಹಾಕಿದ್ದ ಕೇಸು. ಚರಂಡಿ, ಸೆಪ್ಟಿಕ್ ಟ್ಯಾಂಕಿನಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಕೊಡಿ ಅಂತ ಕೋರ್ಟ್ ಹೇಳ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸ್ತು. ಏರಿಸಬೇಕಾಯ್ತು ಅಂದ್ರೇನು? ಸಾವು ನಿಂತಿರಲಿಲ್ಲ ಅಂತ.

ಒಂದೇ ದಿನ ಎರಡು ಸುದ್ದಿ. ಕಣ್ಣಿಗೆ ಕಾಣದ ವೈರಸ್ಸನ್ನ ಈ ದೇಶ ಗೆದ್ದಿತು. ಕಣ್ಣೆದುರೇ ಮನುಷ್ಯ ಗುಂಡಿಗಿಳಿಯೋದನ್ನ ಗೆಲ್ಲಲಿಲ್ಲ. ಯಾಕೆ? ಪೋಲಿಯೊ ಯಾರ ಮನೆ ಮಗುವಿಗೆ ಬೇಕಾದ್ರೂ ಬರಬಹುದಿತ್ತು. ಗುಂಡಿ ಯಾರ ಮಗನನ್ನ ಕರೆಯುತ್ತೆ ಅನ್ನೋದು ಎಲ್ಲರಿಗೂ ಗೊತ್ತು.

ಕಡಲಾಚೆಯ ಸೇವೆ ಸುಲಭ ಆಗೋದೂ ಇದೇ ಕಾರಣಕ್ಕೆ. ಅಲ್ಲಿಯ ಜನರಿಗೂ ಪ್ರಶ್ನೆಗಳಿವೆ, ಆದರೆ ಆ ಪ್ರಶ್ನೆ ಈ ಹಾಲಿನವರೆಗೂ ಬರಲ್ಲ, ಫೋಟೋ ಮಾತ್ರ ಬರುತ್ತೆ. ಕೇರಿ ಹಾಗಲ್ಲ. ಎರಡು ಕಿಲೋಮೀಟರ್ ದೂರದಲ್ಲಿದೆ. ಇಲ್ಲಿಯವನು ಬ್ಯಾಗ್ ಇಸ್ಕೊಂಡು ಮರುದಿನ ಕೂಲಿ ಯಾಕೆ ಕಡಿಮೆ ಅಂತ ಕೇಳ್ತಾನೆ, ಬಾಡಿಗೆಗೆ ಮನೆ ಕೇಳ್ತಾನೆ, ಪುರಸಭೆ ಚುನಾವಣೆಗೆ ನಿಲ್ತಾನೆ. ಸೇವೆ ಮಾಡಿಸಿಕೊಳ್ಳೋನು ತಿರುಗಿ ಮಾತಾಡಿದ್ರೆ ಸೇವೆಯ ಸುಖ ಹೋಗ್ಬಿಡುತ್ತೆ.

ಹೊರದೇಶದ ಕೆಲಸ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ರೋಟರಿಯ ದೊಡ್ಡ ಅಂತರರಾಷ್ಟ್ರೀಯ ಅನುದಾನ ಸಿಗಬೇಕಂದ್ರೆ, ಮೊದಲು ಆ ಊರಿನ ಜನರನ್ನ ಕೂರಿಸಿ ಅವರಿಗೇನು ಬೇಕು ಅಂತ ಕೇಳಿ ದಾಖಲೆ ಮಾಡಬೇಕು ಅಂತ ನಿಯಮವೇ ಇದೆ. ಒಳ್ಳೇ ನಿಯಮ. ಅದನ್ನ ನಮ್ಮ ಕೇರಿಗೂ ಹಚ್ಚಿ. ಬಂದು ಕೂತು ಕೇಳಿ. ಫೋಟೋ ಆಮೇಲೆ.

ಎರಡನೇದು ದುಡ್ಡಿಲ್ಲದ ಸೇವೆ. ಆ ಹಾಲಿನಲ್ಲಿದ್ದ ಪ್ರತಿಯೊಬ್ಬರ ಹತ್ತಿರ ಒಂದು ಕಟ್ಟಡ ಇದೆ, ಅದಕ್ಕೊಂದು ಗುಂಡಿ ಇದೆ. ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯನನ್ನ ಅದಕ್ಕೆ ಇಳಿಸಿದ್ರೆ 2013ರ ಕಾಯ್ದೆ ಪ್ರಕಾರ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲಾ ಎರಡು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಇಳಿಸಿದವರು ಖಾಸಗಿಯವರಾದ್ರೂ ಅಷ್ಟೇ. ಸಭೆಯ ಗಂಟೆ ಬಾರಿಸಿದ ಮೇಲೆ ಒಂದು ಪ್ರತಿಜ್ಞೆ ಮಾಡಿ: ನಮ್ಮ ಕಟ್ಟಡದ ಗುಂಡಿಗೆ ಸಕ್ಕಿಂಗ್ ಮಷಿನ್ ಬರುತ್ತೆ, ಮನುಷ್ಯ ಇಳಿಯಲ್ಲ.

ಮೂರನೇದು, ಆ ಮೇಜಿನಲ್ಲಿ ಒಂದು ಕುರ್ಚಿ. ಸನ್ಮಾನದ ಕುರ್ಚಿ ಅಲ್ಲ, ಸದಸ್ಯರ ಕುರ್ಚಿ.

"ಅಲ್ಲಿಗೆ ಹೋಗಿದ್ದೇ ತಪ್ಪು" ಅಂತ ನಮ್ಮವರೇ ಕೆಲವರು ಬೈದ್ರು. ಹೋಗದೇ ಇದ್ರೆ ಆ ಪ್ರಶ್ನೆ ಅಲ್ಲಿ ಯಾರು ಕೇಳ್ತಿದ್ರು ಹೇಳಿ. ಹದಿನೈದು ದಿನ ಆದ್ಮೇಲೆ ಆ ಹಿರಿಯ ಡಾಕ್ಟರು ಫೋನ್ ಮಾಡಿ, "ಮಷಿನ್ ಗಾಡಿಯವರ ನಂಬರ್ ಇದ್ರೆ ಕೊಡಪ್ಪ" ಅಂದ್ರು. ಕೊಟ್ಟೆ. ಮೂವತ್ತು ಜನರಲ್ಲಿ ಒಬ್ಬರು. ಕ್ರಾಂತಿ ಏನೂ ಆಗಲಿಲ್ಲ, ಆದರೆ ಒಂದು ಗುಂಡಿಗೆ ಮನುಷ್ಯ ಇಳಿಯೋದು ತಪ್ಪಿತು.

ಅವತ್ತು ಊಟ ಆದಮೇಲೆ ತಟ್ಟೆ ಎತ್ತೋಕೆ ಬಂದದ್ದು ನಮ್ಮ ಕೇರಿಯ ಅತ್ತೆ. ಕ್ಯಾಟರಿಂಗಿನವರ ಜೊತೆ ಕೆಲಸಕ್ಕೆ ಬಂದಿದ್ಲು. ನನ್ನ ತಟ್ಟೆ ಎತ್ತುವಾಗ ನನ್ನ ಗುರುತೇ ಇಲ್ಲದವಳ ಥರ ಹೋದ್ಲು. ನನಗೂ ಬಾಯಿ ಬರಲಿಲ್ಲ. ಅದು ನನ್ನ ತಪ್ಪು, ಒಪ್ಕೋತೀನಿ. ಮರುದಿನ ಬೆಳಗ್ಗೆ ನಲ್ಲಿ ಹತ್ರ ಸಿಕ್ಕಿದ್ಲು. "ಏನೋ ಮಗಾ, ಮೈಕಲ್ಲಿ ಏನೇನೋ ಮಾತಾಡ್ದಂತೆ? ಅಡುಗೆ ಮನೆಗೆ ಏನೂ ಕೇಳಿಸ್ಲಿಲ್ಲ ಕಣೋ."

ಅತ್ತೆಗೆ ಎಲ್ಲಾ ಮೊದಲಿಂದ ಹೇಳಿದೆ. ಮುಂದಿನ ಸಲ ಅವರು ಕರೆದ್ರೆ ಒಂದು ಶರತ್ತು ಹಾಕ್ತೀನಿ: ನನ್ನ ಪಕ್ಕದ ಕುರ್ಚಿ ಅತ್ತೆಗೆ. ಇಪ್ಪತ್ತು ನಿಮಿಷದಲ್ಲಿ ಹತ್ತು ನಿಮಿಷ ಅವಳೇ ಮಾತಾಡ್ತಾಳೆ.

ಜೈ ಭೀಮ್.